ಅರುಣಾ ಟೀಚರ್ ಅವರ ಉದ್ದನೆಯ ಪ್ರಾರ್ಥನೆ

ಚಳಿಯ ವಿಷಯದಲ್ಲಿ ಬ್ಯಾಡಗಿಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೇರೆ ದೇಶಗಳಿಗೆ ಚಳಿಗಾಲ ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ನಾವು ಅದನ್ನು ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜುಗಳಲ್ಲಿ ಕೂಡಿಹಾಕಿ, ಬೀಗ ಜಡಿದು, ಹನ್ನೆರಡು ತಿಂಗಳೂ ಸಾಕುತ್ತೇವೆ. ಅಂಥ ಊರಿನ ಅರುಣಾ ಟೀಚರ್ ಮಂಗೋಲಿಯಾಕ್ಕೆ ಹೋಗಿ ಒಂದಿಡೀ ಚಳಿಗಾಲ ಪಾಠ ಮಾಡಿ ಬಂದಳೆಂದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಅವಳಿಗೆ ಚಳಿ ತಾಳುವುದನ್ನು ಕಲಿಸಿದವನು ನಾನೇ. ಬೇಕಾದರೆ ನಮ್ಮ ಸ್ಟೇಷನ್ ರೋಡಿನಿಂದ ಹಿಡಿದು ಹಾವೇರಿ ಬಸ್‌ಸ್ಟ್ಯಾಂಡಿನವರೆಗೆ ಯಾರನ್ನಾದರೂ ಕೇಳಿ. ಎಲ್ಲರಿಗೂ ಗೊತ್ತು, ಯಾಕೆಂದರೆ ಎಲ್ಲರಿಗೂ ನಾನೇ ಹೇಳಿದ್ದೇನೆ.

ಅರುಣಾ ನಮ್ಮ ಪಕ್ಕದ ಮನೆಯವಳು. ತಾಯಿ ಸುಶೀಲವ್ವ ಹೊಲಿಗೆ ಮಷಿನ್ ತುಳಿದು ತುಳಿದು ಮಗಳನ್ನು ಓದಿಸಿದಳು. ಆ ತುಳಿತಕ್ಕೆ ಸೈಕಲ್ ಆಗಿದ್ದರೆ ಇಷ್ಟೊತ್ತಿಗೆ ಕಾಶಿ ದಾಟಿ ಹಿಮಾಲಯ ಹತ್ತುತ್ತಿತ್ತು. ಮಗಳು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆದಳು. ತರಗತಿಯಲ್ಲಿ ಅವಳು ‘ಸೈಲೆನ್ಸ್’ ಎಂದರೆ ಅತ್ತ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲರು ಹೆಗಲ ಮೇಲಿನ ಮೆಣಸಿನಕಾಯಿ ಚೀಲ ಇಳಿಸಿ ಕೈಕಟ್ಟಿ ನಿಲ್ಲುತ್ತಿದ್ದರು. ಮದುವೆಯಾಗಲಿಲ್ಲ. ಯಾಕವ್ವಾ ಎಂದು ಕೇಳಿದವರಿಗೆ, “ನನ್ನ ಮಾತು ಮುಗಿಯೂತನಕಾ ಕಾಯೋ ಗಂಡಸು ಸಿಗಲಿಲ್ಲರಿ” ಎನ್ನುತ್ತಿದ್ದಳು.

ಭಾನುವಾರ ಬಂತೆಂದರೆ ರಾಣೆಬೆನ್ನೂರಿನ ಒಂದು ಸಣ್ಣ ಚರ್ಚಿಗೆ ಹೋಗುವಳು. ಅಲ್ಲಿ ಅವಳ ಪ್ರಾರ್ಥನೆಯೇ ಪ್ರಸಿದ್ಧ. ಹರಿಹರದ ಕಡೆಯಿಂದ ಪ್ಯಾಸೆಂಜರ್ ಗಾಡಿ ಬಂದು ನಿಂತಾಗ ಶುರುವಾದ ಪ್ರಾರ್ಥನೆ, ಅದೇ ಗಾಡಿ ಹುಬ್ಬಳ್ಳಿ ಮುಟ್ಟಿ ತಿರುಗಿ ಬರುವ ಹೊತ್ತಿಗೆ ‘ಆಮೆನ್’ ಕಾಣುತ್ತಿತ್ತು. ಯಾರನ್ನೂ ಬಿಡುತ್ತಿರಲಿಲ್ಲ. “ಕರ್ತನೇ, ಗಿರಿಯಪ್ಪಜ್ಜನ ಮೊಣಕಾಲು ವಾಸಿ ಮಾಡು. ಎಡಗಾಲು, ಬಲಗಾಲಲ್ಲ” ಎಂದು ದೇವರಿಗೆ ಗುರುತು ಹೇಳಿಕೊಡುವಳು. ಒಂದು ಕ್ರಿಸ್ಮಸ್ಸಿಗೆ ನಾವೂ ಊಟಕ್ಕೆ ಹೋಗಿದ್ದೆವು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನ್ನನ್ನು ಕಣ್ಣು ಮುಚ್ಚಿಕೊಂಡೇ ಕಂಡಳೋ ಏನೋ, “ಸಕ್ಕರೆ ಬ್ಯಾನಿ ಇಟ್ಟುಕೊಂಡು ಪೇಡಾ ಕದ್ದು ತಿನ್ನುವ ಲಕ್ಕಪ್ಪ ಕಾಕಾನನ್ನು ಕ್ಷಮಿಸು” ಎಂದುಬಿಟ್ಟಳು. ದೇವರು ಕ್ಷಮಿಸಿರಬಹುದು. ಪಕ್ಕದಲ್ಲೇ ಕೂತಿದ್ದ ನನ್ನ ಹೆಂಡತಿ ಉಡಚವ್ವ ಇನ್ನೂ ಕ್ಷಮಿಸಿಲ್ಲ.

ಹೀಗಿರುವಾಗ ಅಲ್ಲಿಯ ಪಾಸ್ಟರ್ ಅವರ ಪರಿಚಯದವರ ಮೂಲಕ ಮಂಗೋಲಿಯಾದ ಒಂದು ಶಾಲೆಯಿಂದ ಕರೆ ಬಂತು. ಚಳಿಗಾಲ ಮುಗಿಯುವವರೆಗೆ ಇಂಗ್ಲಿಷ್ ಕಲಿಸಲು ಒಬ್ಬರು ಬೇಕು. ಅರುಣಾ ಸಭೆಯಲ್ಲಿ ಎದ್ದು ನಿಂತು ಸಾರಿದಳು: “ನಾ ಹೋಗತೇನಿ. ಕರ್ತ ನನಗ ಬಾಯಿ ಕೊಟ್ಟಾನ. ಆ ಬಾಯಿಗೆ ಅಲ್ಲಿ ಕೆಲಸ ಇಟ್ಟಾನ. ಚಳಿಗಾಲ ಪೂರ್ತಿ ಮುಗಿಸೇ ಬರತೇನಿ.”

ಈಗ ನನ್ನ ಪಾಠದ ವಿಷಯ. ಅಂಥ ದೇಶಕ್ಕೆ ಹೋಗುವವಳಿಗೆ ತಾಲೀಮು ಬೇಡವೇ? ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್ ಯೂಸುಫಸಾಬ ನನ್ನ ದೋಸ್ತ. ಕರೆದುಕೊಂಡು ಹೋದೆ.

“ಲಕ್ಕಪ್ಪಣ್ಣ, ಇದರಾಗ ಮೆಣಸಿನಕಾಯಿ ಇಡತೇವಿ, ಮಂದೀನ್ನಲ್ಲ” ಎಂದ ಯೂಸುಫಸಾಬ.

“ನಾನೂ ಬ್ಯಾಡಗಿ ಮಾಲನ ರೀ, ಇಡ್ರಿ” ಎಂದಳು ಅರುಣಾ. ಸ್ವೆಟರ್ ತೊಟ್ಟು, ಕಿವಿಗೆ ಮಫ್ಲರ್ ಸುತ್ತಿ, ಒಳಗೆ ಹೋಗಿ ಚೀಲಗಳ ಸಾಲಿನ ನಡುವೆ ಕೂತಳು. ಬಾಗಿಲ ಹತ್ತಿರ ಜವಾಬ್ದಾರಿಯ ಮನುಷ್ಯ ಒಬ್ಬನಿರಬೇಕಲ್ಲ. ಆ ಕೆಲಸ ನಾನು ವಹಿಸಿಕೊಂಡೆ. ಹೊರಗಿನಿಂದಲೇ, “ಮೂಗಿಲೆ ಉಸಿರು ಎಳಿ! ಕೈ ತಿಕ್ಕು!” ಎಂದು ಪಾಠ ಹೇಳಿದೆ. ಒಳಗಿನಿಂದ ಸೀನು ಕೇಳುತ್ತಿತ್ತು. ಕೊನೆಗೆ ಮೂಗು ಕೆಂಪಗೆ ಮಾಡಿಕೊಂಡು, ಗೆದ್ದ ಪೈಲ್ವಾನನಂತೆ ಹೊರಬಂದಳು.

“ಇಷ್ಟನ? ಇದಕ್ಕ ಮಂದಿ ಹೆದರತಾರ?”

“ಟೀಚರ್, ಇಲ್ಲಿ ನೀರ ಸುದ್ದಾ ಗಡ್ಡಿ ಕಟ್ಟೂದಿಲ್ಲರಿ” ಎಂದ ಯೂಸುಫಸಾಬ. “ಕಾಯಿ ಬಣ್ಣ ಹೋಗಬಾರದಂತ ಒಂದೀಟ ತಂಪ ಇಟ್ಟೇವಿ, ಅಷ್ಟ.”

ಅವನ ಮಾತನ್ನು ನಾವಿಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪರೀಕ್ಷೆ ಪಾಸು ಎಂದು ನಾನು ಅಲ್ಲೇ ಫಲಿತಾಂಶ ಘೋಷಿಸಿದೆ.

ಮಂಗೋಲಿಯಾದ ಚಳಿಗೆ ನಮ್ಮ ಫಲಿತಾಂಶ ತಿಳಿದಿರಲಿಲ್ಲ. ಅವಳು ಒಗೆದು ಬಾಲ್ಕನಿಯಲ್ಲಿ ಹಾಕಿದ ಸೀರೆ ಹಲಗೆಯಾಗಿ ನಿಂತುಬಿಟ್ಟಿತಂತೆ. ಒಳಗೆ ತಂದು ಗೋಡೆಗೆ ಒರಗಿಸಿದರೆ, ಮನೆಗೆ ಬಂದ ಪಕ್ಕದ ಮನೆಯಾಕೆ ಅದನ್ನೇ ಒಳಕೋಣೆಯ ಬಾಗಿಲೆಂದು ತಿಳಿದು ತಟ್ಟಿ, ಬರಬಹುದೇ ಎಂದು ಕೇಳಿದಳಂತೆ. ಆದರೂ ಅರುಣಾ ಜಗ್ಗಲಿಲ್ಲ. ಬಾಯಿಗೆ ದಪ್ಪ ಬಟ್ಟೆ ಕಟ್ಟಿಕೊಂಡು ನಡೆಯಿರಿ ಎಂದು ಶಾಲೆಯವರು ಬೇಡಿಕೊಂಡರು. ಬ್ಯಾಡಗಿಯವಳು ಬಾಯಿ ಕಟ್ಟಿಕೊಳ್ಳುವುದೆ? ಕಲ್ಲಿದ್ದಲ ಹೊಗೆ ತುಂಬಿದ ಬೀದಿಯಲ್ಲಿ ದಿನಾ ಸ್ತುತಿಗೀತೆ ಹಾಡುತ್ತಾ ಶಾಲೆಗೆ ಹೋದಳು. ತರಗತಿಯಲ್ಲಿ ತಾನೇ ಪ್ರಶ್ನೆ ಕೇಳಿ, ತಾನೇ ಉತ್ತರ ಹೇಳಿ, ತಾನೇ ‘ವೆರಿ ಗುಡ್’ ಅಂದಳು. ಮಕ್ಕಳು ಬಾಯಿ ತೆರೆಯಬೇಕಾದ ಪ್ರಸಂಗವೇ ಬರಲಿಲ್ಲ.

ಡಿಸೆಂಬರಿನಲ್ಲಿ ದನಿ ಹೋಯಿತು. ಒಡೆದು, ಗೊರಗೊರ ಎಂದು, ಒಂದು ಬೆಳಗ್ಗೆ ಪೂರ್ತಿ ನಿಂತೇಹೋಯಿತು. ಒಂದು ಮಾತೂ ಆಡಕೂಡದು, ಗುಣವಾಗಲು ಎಷ್ಟು ದಿನವೋ ಹೇಳಲಾಗದು ಎಂದರು ಡಾಕ್ಟರ್. ಹೆಡ್ ಮೇಡಂ ಒಳ್ಳೆಯವರೇ. ಆದರೆ ದನಿಯಿಲ್ಲದ ಟೀಚರನ್ನು ಇಟ್ಟುಕೊಂಡು ಏನು ಮಾಡುವುದು? ತಿಂಗಳ ಕೊನೆಯವರೆಗೆ ನೋಡೋಣ, ಆಗಲಿಲ್ಲವೆಂದರೆ ಊರಿಗೆ ಟಿಕೆಟ್ ಮಾಡಿಸುತ್ತೇವೆ ಎಂದರು.

ಅವತ್ತು ನನಗೆ ವಿಡಿಯೋ ಕಾಲ್ ಬಂತು. ಅರುಣಾ ಒಂದು ಹಲಗೆಯ ಮೇಲೆ ಬರೆದು ತೋರಿಸಿದಳು: ‘ಕರ್ತ ನನ್ನ ಬಾಯಿ ಸಲುವಾಗಿ ಕರಸಿದ. ಬಾಯೇ ಹೋತು. ಇನ್ನ ನಾ ಅವಗ ಯಾತಕ್ಕ ಬೇಕು, ಕಾಕಾ?’

ಅವಳು ಹುಟ್ಟಿದಾಗಿನಿಂದ ಅವಳೆದುರು ಒಂದು ವಾಕ್ಯವನ್ನೂ ಪೂರ್ತಿ ಮಾಡಲು ನನಗೆ ಸಾಧ್ಯವಾಗಿರಲಿಲ್ಲ. ಈಗ ಮೈದಾನವೆಲ್ಲ ನನ್ನದೇ. “ಬಿಸಿ ಏನರೆ ಉಣ್ಣವಾ” ಎಂದಷ್ಟೇ ಹೇಳಿ ಫೋನ್ ಇಟ್ಟೆ. ಉಡಚವ್ವ ನನ್ನ ಮುಖ ನೋಡಿ, “ಸುಮ್ನ ಊರಿಗೆ ಬಾ ಅನಬೇಕಿಲ್ಲೋ!” ಎಂದಳು. ಅದೂ ಬಾಯಿಗೆ ಬಂದಿರಲಿಲ್ಲ.

ಮುಂದಿನ ಭಾನುವಾರ ಮಂಗೋಲಿಯಾದ ಆ ಊರಿನ ಸಣ್ಣ ಕ್ರೈಸ್ತ ಸಭೆಯವರು ಒಲೆಯ ಸುತ್ತ ಕೂಡಿದರು. ಬರಿಗೈಲಿ ಹೋಗಬಾರದೆಂದು ಅರುಣಾ ಕುರಿಮಾಂಸದ ಸಾರು ಮಾಡಿ, ಊರಿನಿಂದ ಒಯ್ದಿದ್ದ ಖಾರಪುಡಿ ಧಾರಾಳವಾಗಿ ಸುರಿದಿದ್ದಳು. ಸಾರು ಕೆಂಡದಂತಿತ್ತು. ಅಲ್ಲಿಯ ಜನ ಹೆದರಿ, ನೀರಿನ ಲೋಟ ಪಕ್ಕದಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ಕುಡಿದರು. ಒಯುನ್ ಎಂಬ ಮುದುಕಿ ಬಟ್ಟಲು ಬರಿದು ಮಾಡಿ ಏನೋ ಕೇಳಿದಳು. ಇಂಗ್ಲಿಷ್ ಬಲ್ಲ ಒಬ್ಬ ಅದನ್ನು ತಿಳಿಸಿದ: “ಬಣ್ಣ ಬಹಳ ಚೆಂದ. ಖಾರ ಎಲ್ಲಿದೆ ಎಂದು ಕೇಳುತ್ತಿದ್ದಾರೆ.”

ನಮ್ಮೂರಲ್ಲಿ ಇದು ಬೈಗುಳವಲ್ಲ. ಬ್ಯಾಡಗಿ ಕಾಯಿಯ ದೌಲತ್ತೇ ಬಣ್ಣ. ಖಾರ ಬೇಕಾದವರು ಬೇರೆ ಕಾಯಿ ಕೊಳ್ಳುತ್ತಾರೆ. ಆದರೆ ಅವತ್ತು ಆ ಮಾತು ಅರುಣಾಳಿಗೆ ಎಲ್ಲಿಯೋ ನಾಟಿತು. ಆಮೇಲೆ ಪ್ರಾರ್ಥನೆಯ ಹೊತ್ತು. ಒಯುನ್ ಅಜ್ಜಿ ಹತ್ತಿರ ಬಂದು ಕೂತು, ಒಲೆಗೆ ಹಿಡಿದು ಕಾಯಿಸಿದ ಅಂಗೈಯನ್ನು ಇವಳ ಗಂಟಲ ಮೇಲಿಟ್ಟಳು. ಅಜ್ಜಿಯ ಪ್ರಾರ್ಥನೆಯ ಮಾತು ಶುರುವಾಗಲಿ ಎಂದು ಇವಳು ಕಾದಳು. ಶುರುವಾಗಲಿಲ್ಲ. ಅಜ್ಜಿ ಅಲುಗಾಡದೆ ಕೂತೇ ಇದ್ದಳು. ಒಲೆಯಲ್ಲಿ ಕಲ್ಲಿದ್ದಲು ಚಿಟಚಿಟ ಎನ್ನುತ್ತಿತ್ತು. ಬಹಳ ಹೊತ್ತಿನ ಮೇಲೆ ಅರುಣಾಳ ಕಣ್ಣಲ್ಲಿ ನೀರು ಬಂತು.

ಊರಿಗೆ ಬಂದ ಮೇಲೆ ನನಗೆ ಹೇಳಿದಳು: “ಅಷ್ಟ ವರ್ಷ ಮಂದಿ ಸಲುವಾಗಿ ಪ್ರಾರ್ಥನಾ ಮಾಡೇನಿ ಕಾಕಾ, ಒಬ್ಬರ ಕೈ ಹಿಡದು ಸುಮ್ನ ಕುಂತಿದ್ದಿಲ್ಲ. ದೇವರಿಗೆ ಆರ್ಡರ್ ಕೊಟ್ಟಿದ್ದ ಭಾಳ, ಅವನ ಮಾತ ಕೇಳಿದ್ದ ಇಲ್ಲ. ನನ್ನ ಪ್ರಾರ್ಥನಾನೂ ನಮ್ಮೂರ ಕಾಯಿ ಇದ್ದಂಗ. ಬಣ್ಣ ಭಾಳ, ಖಾರ ಕಡಿಮಿ.”

ಆ ಭಾನುವಾರದ ಮರುದಿನದಿಂದಲೇ ಅಲ್ಲಿ ಬೆಳಗ್ಗೆ ಕಿಟಕಿಯ ಹತ್ತಿರ ಸುಮ್ಮನೆ ಕೂರತೊಡಗಿದಳು. ದನಿ ಕೊಡು ಎಂದೂ ಕೇಳಲಿಲ್ಲ. ಮೊದಮೊದಲು ಬಿಸಿನೀರಿನ ಪೈಪಿನ ಗುಳುಗುಳು ಬಿಟ್ಟರೆ ಏನೂ ಕೇಳಿಸಲಿಲ್ಲವಂತೆ. ಒಮ್ಮೊಮ್ಮೆ ಕೂತಲ್ಲೇ ನಿದ್ದೆ. ಆದರೂ ದಿನಾ ಕೂತಳು. ಕೂರುತ್ತಾ ಕೂರುತ್ತಾ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಯಿತು: ಕರ್ತ ಕರೆಸಿಕೊಂಡದ್ದು ಬಾಯಿಯನ್ನಲ್ಲ, ತನ್ನನ್ನು.

ಅದೇ ಧೈರ್ಯದ ಮೇಲೆ ತರಗತಿಗೂ ಹೋದಳು. ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದು ಕುರ್ಚಿಯಲ್ಲಿ ಕೂತಳು: ‘ನಿಮ್ಮ ಮನೆಯಲ್ಲಿ ಬೆಳಗ್ಗೆ ಎಲ್ಲರಿಗಿಂತ ಮೊದಲು ಏಳುವವರು ಯಾರು?’ ಮೊದಲಾಗಿದ್ದರೆ ಅಷ್ಟರಲ್ಲಿ ಉತ್ತರ ಹೇಳಿ ಮುಂದಿನ ಪಾಠಕ್ಕೆ ದಾಟಿಬಿಡುತ್ತಿದ್ದಳು. ಈಗ ಕಾಯದೆ ಗತಿಯಿಲ್ಲ. ಕಾದಳು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, ತಪ್ಪುತಪ್ಪು ಇಂಗ್ಲಿಷಿನಲ್ಲಿ, ನಮ್ಮ ಅಜ್ಜಿ ಒಲೆ ಹಚ್ಚಲು ಏಳುತ್ತಾಳೆ ಎಂದಳು. ಇನ್ನೊಬ್ಬ ಎದ್ದು, ಇಲ್ಲ, ನಮ್ಮ ಮನೆಯ ನಾಯಿ ಎಂದ. ಆಮೇಲೆ ತರಗತಿಗೆ ಕಟ್ಟೆಯೊಡೆದಂತಾಯಿತು. ಮಂಗೋಲಿಯಾದ ಕುದುರೆಗಳೂ ಕಿಟಕಿಗೆ ಬಂದು ಇಂಗ್ಲಿಷಿನಲ್ಲಿ ಕೆನೆದವು ಎಂದು ನಾನು ಸೇರಿಸಿ ಹೇಳುತ್ತೇನೆ. ಅವಳು ಇಲ್ಲ ಎನ್ನುತ್ತಾಳೆ. ಬಾಗಿಲಲ್ಲಿ ನಿಂತು ನೋಡಿದ ಹೆಡ್ ಮೇಡಂ ಮತ್ತೆ ಟಿಕೆಟಿನ ಮಾತೆತ್ತಲಿಲ್ಲ. ಚಳಿಗಾಲದ ಕೊನೆಗೆ ದನಿ ಮೆಲ್ಲಗೆ ಮರಳಿತು. ಮೊದಲ ದಿನ ಅವಳು ಬಾಯಿ ತೆರೆದಾಗ ಮಕ್ಕಳೆಲ್ಲ ಗಾಬರಿಯಾದರಂತೆ, ಇನ್ನು ನಮ್ಮ ಸರದಿ ಮುಗಿಯಿತಲ್ಲಾ ಎಂದು. ಅವಳು ಒಂದು ಪ್ರಶ್ನೆ ಕೇಳಿ ಮತ್ತೆ ಕೂತಳು.

ಯಾರ್ಡಿನಲ್ಲಿ ಮೆಣಸಿನಕಾಯಿ ರಾಶಿ ಆಕಾಶ ಮುಟ್ಟಿ, ಊರಿಗೆ ಊರೇ ಸೀನುವ ಹೊತ್ತಿಗೆ ಅರುಣಾ ಬಂದಿಳಿದಳು. ಆ ಭಾನುವಾರ ರಾಣೆಬೆನ್ನೂರಿನ ಚರ್ಚಿನಲ್ಲಿ ಅವಳು ಕ್ಷೇಮವಾಗಿ ಮರಳಿದ್ದಕ್ಕೆ ಸ್ತೋತ್ರದ ಆರಾಧನೆ, ಆಮೇಲೆ ಊಟ. ನಾನು, ಉಡಚವ್ವ, ಯೂಸುಫಸಾಬ ಮೂವರೂ ಹೋದೆವು. ಅರುಣಾ ಪ್ರಾರ್ಥನೆ ಮಾಡುತ್ತಾಳೆ ಎಂದು ಪಾಸ್ಟರ್ ಹೇಳಿದ್ದೇ ತಡ, ಹೆಂಗಸರು ಓಡಿಹೋಗಿ ಪಲಾವಿನ ಪಾತ್ರೆಗೆ ಕಂಬಳಿ ಹೊದಿಸಿ ಬಂದರು. ಹಿಂದೆ ಕೂತವರು ಗೋಡೆಗೆ ಒರಗಿಕೊಂಡು ಅಣಿಯಾದರು.

ಅರುಣಾ ಎದ್ದಳು. “ಕರ್ತನೇ, ನಿನಗೆ ಎಲ್ಲಾ ಗೊತ್ತು. ನಿನಗೆ ಸ್ತೋತ್ರ. ಆಮೆನ್.”

ಯಾರೂ ಕಣ್ಣು ತೆರೆಯಲಿಲ್ಲ. ಇದು ಪೀಠಿಕೆ ಇರಬೇಕೆಂದು ಸಭೆ ಕಾಯುತ್ತಿತ್ತು. ನಾನೊಬ್ಬನೇ ಕಳ್ಳಗಣ್ಣು ಬಿಟ್ಟು ನೋಡಿದೆ. ಅವಳು ಆಗಲೇ ಗಿರಿಯಪ್ಪಜ್ಜನ ಪಕ್ಕ ನೆಲದ ಮೇಲೆ ಕೂತು, ಮುದುಕನ ಮೊಣಕಾಲ ಮೇಲೆ ಕೈಯಿಟ್ಟಿದ್ದಳು. ಬಾಯಿ ಅಲುಗಲಿಲ್ಲ. ಎಡಗಾಲೋ ಬಲಗಾಲೋ ದೇವರಿಗೆ ಬಿಟ್ಟ ವಿಚಾರವಾಗಿತ್ತು. ಅಜ್ಜ ತನ್ನ ಕೈಯನ್ನು ಅವಳ ತಲೆಯ ಮೇಲಿಟ್ಟು, ಟವೆಲ್ಲಿನಿಂದ ಮೂಗು ಒರೆಸಿಕೊಳ್ಳುತ್ತಿದ್ದ. ಕಂಬಳಿ ತೆಗೆದರೆ ಪಲಾವು ಇನ್ನೂ ಹಬೆಯಾಡುತ್ತಿತ್ತು. ಆ ಚರ್ಚು ಕಟ್ಟಿದಾಗಿನಿಂದ ಅಷ್ಟು ಬಿಸಿ ಊಟ ಯಾರೂ ಉಂಡಿರಲಿಕ್ಕಿಲ್ಲ.

ಪಂಕ್ತಿಯಲ್ಲಿ ನಾನು ಸುತ್ತಲಿನವರಿಗೆ ಹೇಳತೊಡಗಿದೆ: “ಚಳಿ ತಾಳಿ ಬಂದಾಳಲ್ಲ, ಕಲಿಸಿದಾಂವ ನಾನ.”

“ಹೌದ್ರಿ” ಎಂದ ಯೂಸುಫಸಾಬ, ತುತ್ತು ಕಲಸುತ್ತಾ. “ಟೀಚರ್ ಒಳಗ ನಡಗತಿದ್ರು, ಈ ಮಾಸ್ತರ ಹೊರಗ ಬಿಸಲಾಗ ನಿಂತು ನನ್ನ ಪಾಲಿನ ಚಾನೂ ಕುಡಕೋಂತ ಪಾಠಾ ಹೇಳತಿದ್ದ.”

ಪಂಕ್ತಿಯೆಲ್ಲ ನಕ್ಕಿತು. ಉಡಚವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು. ಮಾತು ತಿರುಗಿಸಲು ನಾನು ಅರುಣಾಳನ್ನೇ ಹಿಡಿದೆ.

“ಅಲ್ಲವಾ, ಪ್ರಾರ್ಥನಾ ಇಷ್ಟ ಸಣ್ಣದಾತು. ಉಳದ ಮಾತೆಲ್ಲಾ ಏನ್ ಮಾಡತಿ?”

ಪಲಾವು ಬಡಿಸುತ್ತಿದ್ದ ಅರುಣಾ ನನ್ನ ಎಲೆಯ ಮುಂದೆ ಸೌಟು ಹಿಡಿದು ನಿಂತಳು.

“ನಿಮ್ಮ ಸಲುವಾಗಿ ಎತ್ತಿಟ್ಟೇನಿ, ಕಾಕಾ. ದೇವರಿಗಾದ್ರ ಹೇಳದಿದ್ರೂ ತಿಳಿತೈತಿ. ನಿಮಗ ಪೇಡಾ ಬಿಡಸಾಕ ಒಂದ ಜೀವಮಾನದ ಮಾತು ಬೇಕಾಗತಾವ.”