ನೀಲಿ ಅಂಗಿಯವರ ಪುಸ್ತಕ

೧೯೮೬ರಲ್ಲಿ ನನ್ನ ಓದು ನಿಂತಿತು, ಏಳನೇ ಇಯತ್ತೆಯ ಅರ್ಧಕ್ಕೆ. ಆ ವರ್ಷ ಎಂದೊಡನೆ ನನಗೆ ಶಾಲೆ ನೆನಪಾಗುವುದಿಲ್ಲ, ಬಿಸಿ ಮೈದಾ ಅಂಟಿನ ವಾಸನೆ ನೆನಪಾಗುತ್ತದೆ. ಬಸವಕಲ್ಯಾಣದ ಕೋಟೆಯ ಹಿಂದಿನ ಓಣಿಯಲ್ಲಿ, ಫರಸಿಕಲ್ಲು ಹಾಸಿದ ಎರಡು ಕೋಣೆಯ ನಮ್ಮ ಮನೆಯಲ್ಲಿ, ಅವ್ವ ನಸುಕಿಗೇ ಎದ್ದು ತಗಡಿನ ಡಬ್ಬಿಯಲ್ಲಿ ಮೈದಾ ಕುದಿಸುತ್ತಿದ್ದಳು. ಆ ಹುಳಿ ಹುಳಿ ಬಿಸಿ ವಾಸನೆ ಗೋಡೆಗೆ, ಹಾಸಿಗೆಗೆ, ನಮ್ಮ ತಲೆಗೂದಲಿಗೆ ಹತ್ತಿಕೊಂಡಿರುತ್ತಿತ್ತು. ನಮ್ಮದು ಕಾಗದದ ಪಾಕೀಟು ಮಾಡುವ ಮನೆ. ಹುಮನಾಬಾದಿನ ರದ್ದಿ ಅಂಗಡಿಯ ಮಸ್ತಾನ್ ಚಾಚಾ ವಾರಕ್ಕೊಮ್ಮೆ ರದ್ದಿಯ ಚೀಲ ಕಳಿಸುತ್ತಿದ್ದರು. ಅವ್ವ ಅದನ್ನು ಕತ್ತರಿಸಿ, ಮಡಿಸಿ, ಅಂಟಿಸಿ, ಕಿರಾಣಿ ಅಂಗಡಿಗಳಿಗೆ ಕೊಡುತ್ತಿದ್ದಳು. ನಿಮ್ಮ ಮನೆಯಲ್ಲೂ ಇಂಥದೊಂದು ವಾಸನೆ ಇದ್ದಿರಬೇಕು. ಅದು ಯಾವಾಗ ಹೋಯಿತೆಂದು ನಿಮಗೂ ಗೊತ್ತಾಗಿರಲಿಕ್ಕಿಲ್ಲ.

ಹೈದರಾಬಾದ್, ಸೊಲ್ಲಾಪುರಗಳಿಂದ ಬರುತ್ತಿದ್ದ ಆ ರದ್ದಿಯಲ್ಲಿ ಚಿತ್ರಕಥೆಯ ಪುಸ್ತಕಗಳೂ ಇರುತ್ತಿದ್ದವು. ರೈಲನ್ನು ಒಂದೇ ಕೈಯಿಂದ ತಡೆಯುವವರು, ಬೆನ್ನಿಗೆ ಬಟ್ಟೆ ಕಟ್ಟಿಕೊಂಡು ಮಹಡಿಗಳ ಮೇಲೆ ಹಾರುವವರು, ಮುಖ ಮುಚ್ಚಿಕೊಂಡು ಕಳ್ಳರನ್ನು ಹಿಡಿಯುವವರು. ಅವುಗಳ ಹಾಳೆ ಸಣ್ಣದು, ಬಣ್ಣ ದಟ್ಟ. ಹೀಗಾಗಿ ಜೀರಿಗೆ, ಏಲಕ್ಕಿಯ ಸಣ್ಣ ಪಾಕೀಟಿಗೆ ಅಂಗಡಿಯವರು ಅವನ್ನೇ ಕೇಳುತ್ತಿದ್ದರು. ಅವ್ವನ ಕತ್ತರಿ ಬರುವುದರೊಳಗೆ ನಾನು ಓದಿ ಮುಗಿಸಬೇಕಿತ್ತು. ಹಿಂದಿಯನ್ನು ಶಾಲೆಯಲ್ಲಿ ಕಲಿತಿದ್ದೆ, ಮರಾಠಿಯನ್ನು ಓಣಿಯಲ್ಲಿ; ಇಂಗ್ಲಿಷ್ ಪುಸ್ತಕ ಬಂದರೆ ಚಿತ್ರವನ್ನೇ ಓದುತ್ತಿದ್ದೆ. ಓದಿದ ಕಥೆ ಮರುದಿನ ಜೀರಿಗೆ ತುಂಬಿಕೊಂಡು ಊರೆಲ್ಲ ಹೋಗುತ್ತಿತ್ತು. ಅದರ ಬಗ್ಗೆ ಬೇಸರವಿರಲಿಲ್ಲ, ಮುಂದಿನ ಚೀಲ ಬರುತ್ತಿತ್ತಲ್ಲ.

ಅಪ್ಪ ಗೌಂಡಿ. ಆ ವರ್ಷ ಗೋಡೆ ಕಟ್ಟುವಾಗ ಪರಾಂಚಿಯ ಅಟ್ಟಣಿಗೆಯಿಂದ ಬಿದ್ದು ಬಲಗೈ ಮುರಿದುಕೊಂಡ. ಮೂವರು ಗಂಡುಮಕ್ಕಳಲ್ಲಿ ನಾನೇ ಹಿರಿಯ. ಹುಮನಾಬಾದಿನಲ್ಲಿ ಟ್ರ್ಯಾಕ್ಟರ್ ಟ್ರಾಲಿಗಳಿಗೆ ಬಣ್ಣ ಹಚ್ಚುವ ಒಂದು ಶೆಡ್ಡಿಗೆ ಸೇರಿದೆ. ಹಳ್ಳಿಖೇಡದ ಕಡೆಯ ಕಬ್ಬಿನ ಟ್ರಾಲಿಗಳು ಹಂಗಾಮಿಗೆ ಮೊದಲು ಅಲ್ಲಿ ಸಾಲುಗಟ್ಟಿ ನಿಂತಿರುತ್ತಿದ್ದವು. ಮೊದಲ ಬಸ್ಸಿಗೆ ಹೋಗಿ ಸಂಜೆ ಮನೆಗೆ ಬರುವಷ್ಟರಲ್ಲಿ ಚೀಲವೆಲ್ಲ ಪಾಕೀಟಾಗಿ, ನೂರರ ಕಟ್ಟು ಕಟ್ಟಿ, ಗೋಡೆಗೆ ಆನಿಸಿ ಇಟ್ಟಿರುತ್ತಿತ್ತು. ಕಟ್ಟಿನ ಅಂಚಿನಲ್ಲಿ ಯಾರದೋ ಒಂದು ಮುಷ್ಟಿ, ಯಾರದೋ ಬೂಟು ಕಾಣುತ್ತಿತ್ತು. ಶಾಲೆ ಬಿಟ್ಟಾಗ ನಾನು ಅಳಲಿಲ್ಲ. ಆ ಕಟ್ಟುಗಳ ಮುಂದೆ ಮಾತ್ರ ಸುಮ್ಮನೆ ಕೂತುಬಿಡುತ್ತಿದ್ದೆ. ಅವ್ವ ಅದನ್ನು ನೋಡುತ್ತಿದ್ದಳು.

ಶೆಡ್ಡಿಗೆ ಸೂಟಿ ಇದ್ದ ಒಂದು ದಿನ ಊಟವಾದ ಮೇಲೆ ಅವ್ವ ನನ್ನ ಮುಂದೆ ಒಂದು ಪುಸ್ತಕ ಇಟ್ಟಳು. “ಶಾಲಿ ಬಿಟ್ಟದ್ದು ಬಿಟ್ಟಿ. ಕೈಯಾಗ ಒಂದು ಬುಕ್ಕಾರ ಇರಲಿ” ಅಂದಳು. ಹಳೆಯ ಸೀರೆಯ ಅಂಚಿನ ರಟ್ಟು, ಕೌದಿಯ ದಾರ, ಕೌದಿಯ ಹೊಲಿಗೆ. ತೆರೆದು ನೋಡಿದೆ. ಮೊದಲ ಪುಟದಲ್ಲಿ ನೀಲಿ ಅಂಗಿಯವನೊಬ್ಬ ಹಿಂದಿಯಲ್ಲಿ ಮಾತಾಡುತ್ತ ಸಮುದ್ರಕ್ಕೆ ಹಾರುತ್ತಾನೆ. ತಿರುವಿದರೆ ನೀಲಿ ಅಂಗಿಯ ಇನ್ನೊಬ್ಬ ಮರಾಠಿಯಲ್ಲಿ ಬೈಯುತ್ತ ಚಂದ್ರನ ಮೇಲೆ ನಿಂತಿದ್ದಾನೆ. ಮುಂದೆ ನೀಲಿ ಅಂಗಿಯ ಇನ್ನಿಬ್ಬರು, ನಡುನಡುವೆ ಮತ್ತೆ ಮೊದಲಿನವನು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ತಿಂಗಳುಗಟ್ಟಲೆ ಬಣ್ಣದ ಹಾಳೆಗಳನ್ನು ಕತ್ತರಿಯಿಂದ ಉಳಿಸಿ, ಅಂಗಿಯ ಬಣ್ಣ ನೋಡಿ ಜೋಡಿಸಿದ್ದಳು.

ಏಳನೇ ಇಯತ್ತೆಯ ಜಾಣತನ ಸುಮ್ಮನಿರಲಿಲ್ಲ. “ಅವ್ವಾ, ಇವರು ಒಬ್ಬರಲ್ಲ, ನಾಕು ಮಂದಿ ಬ್ಯಾರೆ ಬ್ಯಾರೆ ಅದಾರ. ಕತಿ ಕೂಡಂಗಿಲ್ಲ” ಅಂದೆ.

ಅವ್ವ ಅಂಟಿನ ಕೈ ಒರೆಸಿಕೊಳ್ಳುತ್ತ, “ಎಲ್ಲಾರೂ ಒಂದೇ ಥಾನಿನ ಅಂಗಿ ಹಾಕ್ಯಾರಂದ್ರ ಒಂದೇ ಮನಿ ಅಣ್ಣತಮ್ಮರೇ ಇರ್ತಾರ. ಅಷ್ಟೂ ತಿಳಿಯಂಗಿಲ್ಲೇನು, ಓದಿದಾವ?” ಅಂದಳು.

ಅವಳ ಲೆಕ್ಕ ತಪ್ಪೇನಲ್ಲ. ದೀಪಾವಳಿಗೆ ಅಪ್ಪ ಒಂದೇ ಥಾನಿನ ಬಟ್ಟೆ ತರುತ್ತಿದ್ದ. ಮೂವರಿಗೂ ಅದರಲ್ಲೇ ಅಂಗಿ, ಉಳಿದದ್ದು ದಿಂಬಿನ ಗವಸು. ಓಣಿಯಲ್ಲಿ ಯಾವ ಹುಡುಗ ಯಾರ ಮನೆಯವನೆಂದು ಅಂಗಿಯೇ ಹೇಳುತ್ತಿತ್ತು. ನಾನೂ ಹಾಗೆಯೇ ಓದತೊಡಗಿದೆ. ನಾಲ್ವರು ಅಣ್ಣತಮ್ಮರು. ಸಮುದ್ರಕ್ಕೆ ಹಾರಿದವನಿಗೂ ಚಂದ್ರನ ಮೇಲಿನವನಿಗೂ ನಡುವೆ ಬೇಕಾದ ಚಿತ್ರಗಳನ್ನು ಶೆಡ್ಡಿನಲ್ಲಿ ಊಟದ ಬಿಡುವಿನಲ್ಲಿ ಟ್ರಾಲಿಯ ತಗಡಿನ ಮೇಲೆ ಚಾಕ್‌ಪೀಸಿನಿಂದ ಬರೆದು ಒರೆಸುತ್ತಿದ್ದೆ. ಒಂದು ದಿನ ನನಗೆ ಕೆಲಸ ಕಲಿಸುತ್ತಿದ್ದ ಉಸ್ತಾದರು ನೋಡಿಬಿಟ್ಟರು. ಬೈಯಲಿಲ್ಲ; ಒರೆಸಬೇಡ ಅಂದರು, ಕೈಗೆ ಕುಂಚ ಕೊಟ್ಟರು. ಇವತ್ತು ಹುಮನಾಬಾದಿನ ರಸ್ತೆಯಲ್ಲಿ ಕಬ್ಬಿನ ಟ್ರಾಲಿಯ ಹಿಂದೆ ಗುಡ್ಡ ಹೊತ್ತು ಹಾರುವ ಹನುಮಪ್ಪನನ್ನು ಕಂಡರೆ ಆ ತೋಳು ನೋಡಿರಿ. ಅಂಥ ತೋಳು ಬರೆಯುವವ ಈ ಭಾಗದಲ್ಲಿ ನಾನೊಬ್ಬನೇ ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಕೈಯಲ್ಲಿ ಕಸುಬು ನಿಂತ ಮೇಲೆ ಪುಸ್ತಕ ಕೂಡಿಸತೊಡಗಿದೆ. ಮಸ್ತಾನ್ ಚಾಚಾ ಹೋದರು. ಅವರ ಮಗ ಖಾಜಾ ರದ್ದಿಯಲ್ಲಿ ಚಿತ್ರಕಥೆ ಸಿಕ್ಕರೆ ನನಗೇ ಎತ್ತಿಡುತ್ತಾನೆ. ಅಪ್ಪ ಹೋದ, ಅವ್ವ ಹೋಗಿ ಆರು ವರ್ಷ. ಓಣಿಯ ಮನೆಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ, ನೆಲಕ್ಕೆ ನುಣುಪಾದ ಟೈಲ್ಸ್.

ಹೋದ ವರ್ಷ ಮನ್ನಾಏಖೇಳ್ಳಿಯ ಯಾರದೋ ಮನೆಯ ರದ್ದಿಯಲ್ಲಿ ಬಂತೆಂದು ಖಾಜಾ ಒಂದು ಹಳೆಯ ಪುಸ್ತಕ ತಂದ. ನಾನು ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದದ್ದೇ ಅದು. ಪಿನ್ನು ಸಡಿಲಾದರೆ ಮೊದಲು ಉದುರುವ ನಡುವಿನ ನಾಲ್ಕು ಹಾಳೆ ಇರಲಿಲ್ಲ. ಯಾವ ನಾಲ್ಕು ಎಂದು ನನಗೆ ನೋಡಿದ ತಕ್ಷಣ ಗೊತ್ತಾಯಿತು. ಸಮುದ್ರಕ್ಕೆ ಹಾರುವವನ ಕಥೆ ಅದು. ಮುದ್ರಣ ಅದೇ, ಬಣ್ಣ ಅದೇ; ಇಂಥದೇ ಇನ್ನೊಂದು ಪ್ರತಿಯಿಂದ ಉದುರಿದ ಆ ನಾಲ್ಕು ಹಾಳೆ ಅವ್ವನ ಪುಸ್ತಕದಲ್ಲಿದ್ದವು.

ಅವ್ವನ ಪುಸ್ತಕ ತೆಗೆದು ತೋರಿಸಿದೆ, ಖಾಜಾನಿಗೂ ತಿಳಿಯಿತು. “ಅಣ್ಣಾ, ಬ್ಲೇಡ್ ಹಚ್ಚಿ ದಾರ ಕೊಯ್ರಿ. ನಾಕು ಹಾಳಿ ಇದರಾಗ ಇಟ್ರ ಪೂರಾ ಆಗತದ. ಇಂಥಾದು ಪೂರಾ ಇದ್ದದ್ದು ಯಾರ ಹತ್ರನೂ ಇಲ್ರಿ” ಅಂದ.

ಎರಡನ್ನೂ ಪಕ್ಕಪಕ್ಕ ಇಟ್ಟು, ಬ್ಲೇಡನ್ನು ಕೈಯಲ್ಲಿ ಹಿಡಿದೆ. ಸುಳ್ಳು ಯಾಕೆ ಹೇಳಲಿ, ಕೂಡಿಸುವವನ ಆಸೆ ಕೆಟ್ಟದ್ದು. ಮೊದಲ ಹೊಲಿಗೆಯ ಕೆಳಗೆ ಬ್ಲೇಡಿನ ಮೊನೆ ತೂರಿಸಿಯೂ ಆಗಿತ್ತು. ಆದರೆ ಅವ್ವ ಒಂದೊಂದು ಹೊಲಿಗೆಗೂ ಗಂಟು ಹಾಕಿದ್ದಳು, ಒಂದು ಕಡಿದರೂ ಉಳಿದವು ಬಿಚ್ಚದಂತೆ. ಆ ಹಾಳೆಗಳು ಮೊದಲಿನ ಪುಸ್ತಕದಲ್ಲಿ ಎಷ್ಟು ದಿನ ಇದ್ದವೋ, ಇದರಲ್ಲಿ ನಲವತ್ತು ವರ್ಷವಾಗುತ್ತ ಬಂತು. ಬ್ಲೇಡ್ ಕೆಳಗಿಟ್ಟೆ.

“ಅಧೂರಾನೇ ಇಡ್ತೀರೇನ್ರಿ?” ಖಾಜಾ ಕೇಳಿದ.

“ಇಡ್ತೀನಿ” ಅಂದೆ.

ಈಗ ನನ್ನ ಕಪಾಟಿನಲ್ಲಿ ನಾಲ್ಕುನೂರ ಹನ್ನೆರಡು ಅಚ್ಚಿನ ಪುಸ್ತಕಗಳಿವೆ. ಅವುಗಳಲ್ಲಿ ಪೂರ್ತಿ ಇರುವುದು ನಾಲ್ಕುನೂರ ಹನ್ನೊಂದು. ಒಂದರಲ್ಲಿ ನಾಲ್ಕು ಹಾಳೆ ಕಡಿಮೆ. ಕೈಯಲ್ಲಿ ಹೊಲಿದದ್ದು ಒಂದು.