ದ್ಯಾವಮ್ಮ ಕೇಳಿದ ಒಂದು ಲೋಟ ನೀರು

ನಂಬಿ ಎಂದು ನಾನು ಯಾರಿಗೂ ದುಂಬಾಲು ಬೀಳುವುದಿಲ್ಲ. ನರ್ಸ್ ಕೆಲಸ ಮಾಡುತ್ತಲೇ ನನ್ನ ತಲೆ ಅರ್ಧ ನರೆತಿದೆ. ಹೆಣ ಇರುವ ಕೋಣೆಯ ಪಕ್ಕದಲ್ಲೇ ಕೂತು ಉಪ್ಪಿಟ್ಟು ತಿಂದವಳು ನಾನು. ದೆವ್ವದ ಕಥೆ ಹೇಳುವವರನ್ನು ಕಂಡರೆ ಮೈ ಉರಿಯುತ್ತಿತ್ತು. ಆದರೆ ಇದು ನನ್ನ ಕಣ್ಣೆದುರು, ನನ್ನದೇ ಕೈಯಿಂದ ನಡೆದದ್ದು. ಆಸ್ಪತ್ರೆ ಯಾವುದು ಎಂದು ಮಾತ್ರ ಕೇಳಬೇಡಿ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರರ ನಡುವೆ ಎಲ್ಲೋ ಒಂದು ಕಡೆ ಎಂದಿಟ್ಟುಕೊಳ್ಳಿ. ನಾನಿನ್ನೂ ಅಲ್ಲೇ ಕೆಲಸ ಮಾಡಬೇಕು.

ಚಳಿ ಇಳಿಯುತ್ತಿದ್ದ ಹಾಗೆ ನಮ್ಮ ಕಡೆ ಮಂಗನ ಕಾಯಿಲೆ ಶುರುವಾಗುತ್ತದೆ. ಕಾಡಿನಲ್ಲಿ ಮಂಗ ಸತ್ತ ಸುದ್ದಿ ಬಂದರೆ ಸಾಕು, ಜ್ವರದ ವಾರ್ಡಿನ ಮಂಚಗಳಿಗೆ ಹೊಸ ಹಾಸು ಬೀಳುತ್ತದೆ. ಆ ಸಲ ಬಂದವರು ದ್ಯಾವಮ್ಮ ಮತ್ತು ಅವಳ ಮಗ ಮಂಜಪ್ಪ. ಇಬ್ಬರೂ ಕೊಟ್ಟಿಗೆಗೆ ಹಾಸಲು ಒಣ ಎಲೆ ಗುಡಿಸಿ ತರಲು ಕಾಡಿಗೆ ಹೋಗಿದ್ದರು. ಕಚ್ಚಿ ಈ ಕಾಯಿಲೆ ಹರಡುವ ಉಣುಗು ಮೈಗೆ ಹತ್ತದಿರಲೆಂದು ಆಶಾ ಕಾರ್ಯಕರ್ತೆ ಕೊಟ್ಟ ಎಣ್ಣೆಯನ್ನು ತಾಯಿ ಕೈಕಾಲಿಗೆ ಬಳಿದುಕೊಂಡಿದ್ದಳು. ಮಗ ವಾಸನೆ ತಡೆಯದೆ ಹಾಗೇ ಹೋಗಿದ್ದ. ಕೊನೆಗೆ ಜ್ವರ ಇಬ್ಬರಿಗೂ ಬಂತು.

ನಮ್ಮ ಜ್ವರದ ವಾರ್ಡು ಚಿಕ್ಕದು. ತಾಯಿ ಮಗ ಅಕ್ಕಪಕ್ಕದ ಮಂಚದಲ್ಲಿ, ನಡುವೆ ಒಂದು ಪರದೆ. ಮೂಲೆಯ ಮಂಚ ಖಾಲಿ. ಅದರಲ್ಲಿದ್ದ ಅಜ್ಜ ಇವರು ಬರುವ ಮೊದಲೇ ತೀರಿಕೊಂಡಿದ್ದರು.

ಇಬ್ಬರ ರಕ್ತದಲ್ಲೂ ಮಂಗನ ಕಾಯಿಲೆ ಸಿಕ್ಕಿತು. ಮಂಜಪ್ಪನಿಗೆ ಜೊತೆಗೆ ಡೆಂಗಿಯೂ ಇತ್ತು. ಹೇಳಿದಾಗ ಅವನು ಒಣಗಿದ ತುಟಿಯಲ್ಲೇ ನಕ್ಕ. “ಒಂದೇ ಟಿಕೆಟಿಗೆ ಎರಡು ಸಿನಿಮಾ ಬಿಡಿ ಸಿಸ್ಟ್ರೇ,” ಅಂದ. ನಾನೂ ನಕ್ಕೆ. ಈ ಎರಡಕ್ಕೂ ಇದೇ ಎನ್ನುವ ಮದ್ದಿಲ್ಲ. ಜ್ವರಕ್ಕೆ ಮಾತ್ರೆ, ಡ್ರಿಪ್, ಪ್ಲೇಟ್‌ಲೆಟ್ ಮೇಲೆ ಒಂದು ಕಣ್ಣು, ಉಳಿದದ್ದು ಕಾಯುವುದು. ಎರಡು ಕಾಯಿಲೆ ಸಿಕ್ಕ ಮೇಲೆ ಮೂರನೆಯದನ್ನು ಹುಡುಕುವ ವ್ಯವಧಾನ ಯಾರಿಗೂ ಇರಲಿಲ್ಲ.

ಮಂಜಪ್ಪನ ಸೊಂಟಕ್ಕೆ ಅರಿಶಿನ ಬಟ್ಟೆಯ ಅಗಲ ಪಟ್ಟಿಯೊಂದನ್ನು ಬಿಗಿದು ಕಟ್ಟಿದ್ದರು. ಊರ ಚೌಡಿಗೆ ಹರಕೆ ಹೇಳಿ ದ್ಯಾವಮ್ಮ ಕಟ್ಟಿದ್ದು. ಅದಕ್ಕೊಂದು ಕಟ್ಟುಪಾಡಿದೆ. ಜ್ವರ ಬಿಡುವ ತನಕ ಬಿಚ್ಚುವಂತಿಲ್ಲ, ಬಿಚ್ಚಿದರೂ ಕಟ್ಟಿದ ಕೈಯೇ ಬಿಚ್ಚಬೇಕು. ನಾವು ನರ್ಸ್‌ಗಳೂ ಅಂಥದ್ದನ್ನು ಮುಟ್ಟುವುದಿಲ್ಲ. ಮೈ ಒರೆಸುವಾಗ ಅದರ ಮೇಲಕ್ಕೊಮ್ಮೆ, ಕೆಳಕ್ಕೊಮ್ಮೆ ಒರೆಸಿ ಬಿಡುತ್ತೇವೆ. ಮುಟ್ಟಿದರೆ ಮನೆಯವರು ರೋಗಿಯನ್ನೇ ಎತ್ತಿಕೊಂಡು ಹೊರಟುಬಿಡುತ್ತಾರೆ. ಹೊಸದಾಗಿ ಬಂದಿದ್ದ ನಮ್ಮ ಲೇಡಿ ಡಾಕ್ಟರ್ ಅದನ್ನು ಸರಿಸಲು ಹೋದಾಗ ದ್ಯಾವಮ್ಮ ಆ ಜ್ವರದಲ್ಲೂ ಎದ್ದು ಬಂದು ಅವರ ಕೈ ಹಿಡಿದಿದ್ದಳು.

“ನಾ ಸತ್ರೂ ಅದ್ನ ಬೇರೆಯೋರು ಬಿಚ್ಚೋ ಹಂಗಿಲ್ಲ.”

ಡಾಕ್ಟರ್ ಕೈ ಹಿಂದಕ್ಕೆ ತೆಗೆದುಕೊಂಡರು. ನಾವೂ ಅದರ ತಂಟೆಗೆ ಹೋಗಲಿಲ್ಲ.

ಆ ದಿನ ಸಂಜೆ ದ್ಯಾವಮ್ಮನಿಗೆ ಪ್ರಜ್ಞೆ ತಪ್ಪಿತು. ಇದ್ದ ಒಂದೇ ಆಂಬುಲೆನ್ಸಿನಲ್ಲಿ ಆಕ್ಸಿಜನ್ ಹಾಕಿ ದೊಡ್ಡಾಸ್ಪತ್ರೆಗೆ ಕಳಿಸಿದೆವು. ಸೊಸೆ ಸಾವಿತ್ರಿ ಜೊತೆಗೆ ಹೋದಳು. ಆಯಾ ಗಿರಿಜಕ್ಕ ಆ ಮಂಚದ ಹಾಸು ಬದಲಿಸಿ, ನೆಲ ಒರೆಸಿದಳು.

ಕತ್ತಲಾದ ಮೇಲೆ ಮಂಜಪ್ಪನ ಸ್ಥಿತಿಯೂ ಕೈಮೀರತೊಡಗಿತು. ಜ್ವರ ಇಳಿಯಲೇ ಇಲ್ಲ, ಬಿಪಿ ಮಾತ್ರ ಇಳಿಯುತ್ತಾ ಹೋಯಿತು. ಪಕ್ಕದ ತಾಲೂಕಿನ ಆಂಬುಲೆನ್ಸೂ ಬೇರೆ ಕೇಸಿಗೆ ಹೋಗಿತ್ತು. ನಮ್ಮದು ವಾಪಸು ಬರುವವರೆಗೆ ಹೇಗಾದರೂ ಉಳಿಸಿಕೊಳ್ಳಬೇಕು ಎಂದು ಹೇಳಿ ಡಾಕ್ಟರ್ ಹೆರಿಗೆ ಕೇಸಿಗೆ ಓಡಿದರು.

ನಾನು ವಾರ್ಡಿನ ಬಾಗಿಲ ಹೊರಗೆ ಮೇಜಿನ ಮುಂದೆ ಕೂತಿದ್ದೆ. ಗಿರಿಜಕ್ಕ ಕಾರಿಡಾರಿನ ಬೆಂಚಿನ ಮೇಲೆ ಮುದುರಿ ಮಲಗಿದ್ದಳು. ಎಲ್ಲೋ ದೂರದಲ್ಲಿ ನಾಯಿಯೊಂದು ಊಳಿಟ್ಟು ಸುಮ್ಮನಾಯಿತು...

ಒಳಗಿನಿಂದ ಮಾತು ಕೇಳಿಸಿತು.

“ಹೂಂ ಅವ್ವಾ... ಹೂಂ... ಆತು ಅವ್ವಾ...”

ಮಂಜಪ್ಪ ಜ್ವರದಲ್ಲಿ ಬಡಬಡಿಸುತ್ತಿದ್ದಾನೆ ಎಂದುಕೊಂಡೆ. ಆದರೆ ಬಡಬಡಿಸುವವರು ಒಂದೇ ಸಮ ಮಾತಾಡುತ್ತಾರೆ. ಇವನು ನಡುನಡುವೆ ನಿಲ್ಲಿಸುತ್ತಿದ್ದ, ಯಾರದೋ ಮಾತು ಕೇಳಿಸಿಕೊಂಡು ಉತ್ತರ ಕೊಡುವವನ ಹಾಗೆ.

ಬಾಗಿಲು ತಳ್ಳಿದ ಕೂಡಲೇ ಮೂಗಿಗೆ ಬಡಿದದ್ದು ಆ ಉಣುಗಿನ ಎಣ್ಣೆಯ ವಾಸನೆ. ಸಂಜೆ ಫಿನಾಯಿಲ್ ಹಾಕಿ ಒರೆಸಿದ ನೆಲ. ಎಣ್ಣೆಯ ವಾಸನೆ ಎಲ್ಲಿಂದ ಬರಬೇಕು?

ಪಕ್ಕದ ಮಂಚದ ಮೇಲೆ ದ್ಯಾವಮ್ಮ ಕೂತಿದ್ದಳು.

ಕಾಲು ಇಳಿಬಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ಬೆಳಕಿಗೆ ಬೆನ್ನು ಮಾಡಿ. ನಿಜ ಹೇಳುತ್ತೇನೆ, ಆಗ ನನಗೆ ಹೆದರಿಕೆ ಆಗಲಿಲ್ಲ, ಸಿಟ್ಟು ಬಂತು. ದೊಡ್ಡಾಸ್ಪತ್ರೆಯವರು ಹಾಸಿಗೆ ಇಲ್ಲವೆಂದು ವಾಪಸು ಕಳಿಸಿದ್ದಾರೆ, ನನಗೆ ಜೊಂಪು ಹತ್ತಿದ ಹೊತ್ತಿನಲ್ಲಿ ಡ್ರೈವರ್ ಒಂದು ಮಾತೂ ಹೇಳದೆ ಇಳಿಸಿ ಹೋಗಿದ್ದಾನೆ ಎಂದುಕೊಂಡೆ. ಹಗಲೂ ರಾತ್ರಿ ದುಡಿದ ತಲೆಗೆ ಬೇರೇನೂ ಹೊಳೆಯಲಿಲ್ಲ.

“ಒಂದ್ ಲೋಟ ನೀರ್ ಕೊಡು ಮಗಾ. ಗಂಟ್ಲೊಳಗೆ ಏನೋ ಸಿಕ್ಕಂಡಂಗೆ ಆಗ್ತದೆ,” ಅಂದಳು. ದನಿ ಒಡೆದಿತ್ತು.

“ಇರಿ ಅಮ್ಮಾ, ಇವನನ್ನ ನೋಡಿ ಕೊಡ್ತೀನಿ,” ಅಂದೆ.

ಮಂಜಪ್ಪನ ಮೈ ಕೆಂಡ. ನಾಡಿ ಬೆರಳಿಗೆ ಸರಿಯಾಗಿ ಸಿಗುತ್ತಿರಲಿಲ್ಲ. ಇವನು ಬೆಳಗು ಕಾಣುವುದಿಲ್ಲ ಅನಿಸಿತು.

“ಆ ಪಟ್ಟಿ ಬಿಚ್ಚು,” ಬೆನ್ನ ಹಿಂದಿನಿಂದ ದ್ಯಾವಮ್ಮ ಹೇಳಿದಳು.

ಜ್ವರ ಇನ್ನೂ ಇಳಿದಿಲ್ಲ, ನೀವೇ ಬೇಡ ಅಂದಿದ್ದಿರಲ್ಲ ಎಂದೆ.

“ಕಟ್ಟಿದೋಳು ನಾನೇ ಹೇಳ್ತಿದೀನಿ. ನನ್ ಕೈಲಿ ಆಗ್ತಿಲ್ಲ, ನೀನೇ ಬಿಚ್ಚು.”

ಗಂಟು ಬೆವರಿಗೆ ನೆಂದು, ಒಣಗಿ, ಕಲ್ಲಾಗಿತ್ತು. ಜೇಬಿನಿಂದ ಕತ್ತರಿ ತೆಗೆದೆ.

“ಕತ್ರಿ ಹಾಕ್ಬೇಡ. ಒಳಗಿನ ತುದಿ ಎಡಗೈಲಿ ಎಳಿ.”

ಒಳಗೊಂದು ತುದಿ ಇತ್ತು. ಎಡಗೈಯಲ್ಲಿ ಎಳೆದೆ. ಗಂಟು ಸದ್ದಿಲ್ಲದೆ ಬಿಚ್ಚಿಕೊಂಡಿತು.

ಪಟ್ಟಿಯ ಅಡಿಯಲ್ಲಿ, ಸೊಂಟದ ಮಡಿಕೆಯಲ್ಲಿ, ಬೀಡಿ ಒತ್ತಿ ಸುಟ್ಟ ಹಾಗೆ ಒಂದು ಕಪ್ಪು ಕಲೆ. ಸುತ್ತ ಕೆಂಪು ಉಂಗುರ... ಆ ಕಲೆ ಏನೆಂದು ನನಗೆ ಗೊತ್ತಿತ್ತು. ನಾನು ಡಾಕ್ಟರನ್ನು ಕರೆಯಲು ಓಡಿದೆ.

ಅವರು ಬಂದು ಟಾರ್ಚ್ ಬಿಟ್ಟು ನೋಡಿದರು. ಪೊದೆಯ ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಅದು. ಮೂರನೆಯ ಕಾಯಿಲೆ. ಮೂರರಲ್ಲಿ ನೇರ ಮದ್ದಿರುವುದು ಇದೊಂದಕ್ಕೇ, ಮದ್ದು ತಡವಾದರೆ ಆಳನ್ನೇ ತೆಗೆಯುವುದೂ ಇದೇ. ಆ ಮದ್ದು ನಮ್ಮ ಕಪಾಟಿನಲ್ಲೇ ಇತ್ತು. ಅಲ್ಲೇ ನಿಂತು ಡ್ರಿಪ್ಪಿಗೆ ಹಾಕಿದೆವು.

ಸೂಜಿ, ಬಾಟಲಿ ಎಲ್ಲ ಸರಿ ಮಾಡಿದ ಮೇಲೆ ನೀರಿನ ನೆನಪಾಯಿತು. ಲೋಟ ತುಂಬಿಸಿ ತಂದು ಪರದೆ ಸರಿಸಿದೆ.

ಮಂಚ ಖಾಲಿ. ಹಾಸಿನ ಮೇಲೆ ಒಂದು ಸುಕ್ಕೂ ಇರಲಿಲ್ಲ. ಎಣ್ಣೆಯ ವಾಸನೆ ಮಾತ್ರ ಹಾಗೇ ಇತ್ತು.

ಗಿರಿಜಕ್ಕನನ್ನು ಎಬ್ಬಿಸಿ ಕೇಳಿದೆ. ಯಾರೂ ಬಂದಿಲ್ಲ, ಕಾರಿಡಾರಿನ ಬಾಗಿಲಿಗೆ ಚಿಲಕ ಹಾಕಿದ್ದೇ ತಾನು ಎಂದಳು. ಆಂಬುಲೆನ್ಸ್ ನಿಲ್ಲುವ ಜಾಗ ಖಾಲಿ ಬಿದ್ದಿತ್ತು. ಸಾವಿತ್ರಿಗೆ ಫೋನ್ ಮಾಡಿದೆ.

“ಅತ್ತೆಗೆ ಗಂಟ್ಲಿಗೆ ಪೈಪ್ ಹಾಕಿದಾರೆ ಸಿಸ್ಟ್ರೇ,” ಅಂದಳು ಪಿಸುದನಿಯಲ್ಲಿ. “ಬಂದಾಗಿಂದ ಕಣ್ಣೇ ಬಿಟ್ಟಿಲ್ಲ.”

ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದಿದ್ದಳಲ್ಲ... ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಡಾಕ್ಟರಿಗೆ ಏನು ಹೇಳಲಿ? ಪಟ್ಟಿ ಯಾಕೆ ಬಿಚ್ಚಿದಿರಿ ಎಂದು ಕೇಳಿದರು, ಯಾಕೋ ಅನುಮಾನ ಬಂತು ಎಂದೆ. ಅವರು ಆಗಲೇ ದೊಡ್ಡಾಸ್ಪತ್ರೆಗೆ ಫೋನ್ ಮಾಡಿ, ತಾಯಿಯ ಮೈಯನ್ನೂ ಹುಡುಕಿ ನೋಡಲು ಹೇಳಿದರು. ಅವಳ ತಲೆಕೂದಲಿನ ಅಡಿಯಲ್ಲೂ ಅಂಥದ್ದೇ ಒಂದು ಕಪ್ಪು ಕಲೆ ಸಿಕ್ಕಿತಂತೆ.

ಮಂಜಪ್ಪ ಬೆಳಗು ಕಂಡ. ಆಂಬುಲೆನ್ಸ್ ಬರುವ ಹೊತ್ತಿಗೆ ಬಿಪಿ ಇಳಿಯುವುದು ನಿಂತಿತ್ತು. ಮತ್ತೆರಡು ದಿನಕ್ಕೆ ಜ್ವರವೂ ಬಿಟ್ಟಿತು. ದ್ಯಾವಮ್ಮನೂ ನಿಧಾನಕ್ಕೆ ಉಳಿದುಕೊಂಡಳು. ನಾನು ಆ ರಾತ್ರಿಯ ಮಾತನ್ನು ಯಾರ ಹತ್ತಿರವೂ ಎತ್ತಲಿಲ್ಲ. ನಿದ್ದೆಗೆಟ್ಟ ಕಣ್ಣು ಏನೇನೋ ತೋರಿಸುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಬೇಸಿಗೆ ಮುಗಿಯುವ ಹೊತ್ತಿಗೆ ಮೂವರೂ ಆಸ್ಪತ್ರೆಗೆ ಬಂದರು. ಮಂಜಪ್ಪ ಮೈ ತುಂಬಿಕೊಂಡಿದ್ದ. ಮೂರನೇ ಸಿನಿಮಾ ಬೇಡವಾಗಿತ್ತು ಎಂದು ನಗಾಡಿದ. ದ್ಯಾವಮ್ಮ ಮಾತ್ರ ನಗದೆ ನನ್ನನ್ನೇ ನೋಡುತ್ತಾ ನಿಂತಿದ್ದಳು. ದನಿ ಇನ್ನೂ ಒಡೆದೇ ಇತ್ತು.

“ಅವತ್ತು ಒಂದ್ ಲೋಟ ನೀರ್ ಕೇಳ್ದೆ. ಕೊಡ್ತೀನಿ ಅಂದೋಳು ಕೊಡ್ಲೇ ಇಲ್ಲ ನೀನು.”

ಅತ್ತೆ ಆಗಿನಿಂದ ಹೀಗೇ ಏನೇನೋ ಹೇಳುತ್ತಾರೆ ಎಂದು ಸಾವಿತ್ರಿ ಸಂಕೋಚಪಟ್ಟಳು. ನಾನು ಮೆಲ್ಲಗೆ ಕೇಳಿದೆ.

“ಎಲ್ಲಿ ಕೂತಿದ್ರಿ ಅಮ್ಮಾ?”

“ಮಗನ ಪಕ್ಕ,” ಅಂದಳು, ಇದೂ ಒಂದು ಪ್ರಶ್ನೆಯೇ ಎನ್ನುವ ಹಾಗೆ. “ಮತ್ತೆಲ್ಲಿ ಕೂರ್ಲಿ?”

ಒಳಗೆ ಹೋಗಿ ನೀರು ತಂದು ಕೊಟ್ಟೆ. ನಿಧಾನಕ್ಕೆ ಪೂರ್ತಿ ಕುಡಿದಳು. ಲೋಟ ನನ್ನ ಕೈಗಿಡುತ್ತಾ, ತೆರೆದಿದ್ದ ವಾರ್ಡಿನ ಬಾಗಿಲ ಕಡೆ ನೋಡಿದಳು.

“ಆ ಮೂಲೆ ಮಂಚದ ಅಜ್ಜಂಗೂ ಒಂದ್ ಲೋಟ ಕೊಡು ಮಗಾ. ಅವತ್ತು ನಂಗಿಂತ ಮೊದ್ಲು ಕೇಳಿದ್ದು ಅವ್ರೇ.”

ನನ್ನ ಡ್ಯೂಟಿ ಈಗಲೂ ಅದೇ ವಾರ್ಡಿನಲ್ಲಿ. ರಾತ್ರಿ ಪಾಳಿ ಬಂದಾಗ ಮೂಲೆಯ ಮಂಚದ ಪಕ್ಕ ಒಂದು ಲೋಟ ನೀರು ತುಂಬಿಸಿ ಇಡುತ್ತೇನೆ. ಬೆಳಿಗ್ಗೆ ಅದರಲ್ಲಿ ಎಷ್ಟು ಉಳಿದಿದೆ ಎಂದು ನೋಡದೆ ಚೆಲ್ಲಿಬಿಡುತ್ತೇನೆ.