ಭಂಡಾರದ ಶಿಲುಬೆ

ನನ್ನ ಎಡಗೈ ಇವತ್ತಿಗೂ ನೆಟ್ಟಗಾಗಿಲ್ಲ. ಚರ್ಚಿನ ಪೂಜೆಯಲ್ಲಿ ರೊಟ್ಟಿ ಎತ್ತುವಾಗ ಬಲಗೈಗಿಂತ ನಾಲ್ಕು ಬೆರಳು ಕೆಳಗೇ ನಿಲ್ಲುತ್ತದೆ. ಅದನ್ನು ಮುರಿದವನ ಮೇಲೆ ಸಿಟ್ಟಿಲ್ಲ ಎಂದು ಪ್ರಸಂಗದಲ್ಲಿ ಹೇಳುತ್ತೇನೆ. ಸುಳ್ಳು. ಸಿಟ್ಟಿದೆ.

ತೊಂಬತ್ತರ ದಶಕದ ಕೊನೆ. ನಾನು ಶಿಕಾರಿಪುರದಲ್ಲಿ ಪಾದ್ರಿ. ಭಾನುವಾರ ಬಸ್ಸು ಹಿಡಿದು ಸೊರಬದ ಕಡೆಯ ನಾಲ್ಕು ಕ್ರೈಸ್ತ ಮನೆಗಳಿಗೂ ಹೋಗಿ ಪೂಜೆ ಮಾಡಿ ಬರುತ್ತಿದ್ದೆ. ಆ ವರ್ಷ ಮತಾಂತರದ ಗುಲ್ಲು ಊರೂರಲ್ಲಿ ಎದ್ದಿತ್ತು. ಎರಡು ಸಲ ಚರ್ಚಿನ ಕಿಟಕಿ ಒಡೆದರು, ಒಮ್ಮೆ ಬಾಗಿಲಿಗೆ ಸಗಣಿ ಬಳಿದರು. ಬಿಳಿ ನಿಲುವಂಗಿ ಕಂಡರೆ ಸಾಕು, ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ.

ಒಂದು ಮಧ್ಯಾಹ್ನ ಅಂಬ್ಲಿಗೊಳದ ಕಾಲುವೆ ಏರಿಯ ಮೇಲೆ ಸೈಕಲ್ಲಿನಲ್ಲಿ ಬರುತ್ತಿದ್ದೆ. ಕುರಿ ಕಾಯುವ ಮುದುಕನೊಬ್ಬ ಎದೆ ಹಿಡಿದುಕೊಂಡು ಕಂಬಳಿಯ ಮೇಲೆ ಬಿದ್ದಿದ್ದ. ಸುತ್ತ ಕುರಿ ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಹಾಕಿದೆ. ಅವನು ಸೊಂಟದ ಚೀಲ ತೋರಿಸಿದ. ಅದರಲ್ಲಿ ಮೈಲಾರಲಿಂಗನ ಭಂಡಾರ, ಅರಿಶಿನಪುಡಿ.

"ಹಣಿಗೆ ಹಚ್ರೀ ಸ್ವಾಮ್ಯಾರ. ಕಿವ್ಯಾಗ ಏಳ್ಕೋಟಿ ಅನ್ರೀ. ನಮ್ಮೋರು ಯಾರೂ ಇಲ್ಲ."

ಅದು ಅವರ ದೇವರ ಕೂಗು. ನಾನು ಅತ್ತಿತ್ತ ನೋಡಿದೆ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಬಗ್ಗಿ ಮೂರು ಸಲ ಹೇಳಿದೆ. ಭಂಡಾರವನ್ನೂ ಹಚ್ಚಿದೆ. ಆದರೆ ನನ್ನದು ಇಪ್ಪತ್ತು ವರ್ಷ ಸಾಯುವವರ ಹಣೆಗೆ ಎಣ್ಣೆ ಹಚ್ಚಿದ ಹೆಬ್ಬೆರಳು. ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ತಾನಾಗಿಯೇ ಹೋಯಿತು. ಮುದುಕನ ಹಣೆಯ ಮೇಲೆ ಹಳದಿ ಶಿಲುಬೆ! ಒರೆಸಲು ಕೈ ಬರಲಿಲ್ಲ. ಪ್ರಾಣ ಹೋಗಿತ್ತು. ದಾರಿಯಲ್ಲಿ ಬಂದ ಎತ್ತಿನಗಾಡಿಯವನಿಗೆ ಮುದುಕನ ಗುರುತಿತ್ತು; ಅವನ ಗಾಡಿಯಲ್ಲೇ ಹೆಣವನ್ನು ಊರಿಗೆ ಕಳಿಸಿದೆ.

ಮರುದಿನ ಬೆಳಿಗ್ಗೆ ಚರ್ಚಿನ ಅಂಗಳಕ್ಕೆ ಗುಂಪು ನುಗ್ಗಿತು. ಮುಂದೆ ಮುದುಕನ ಮಗ, ಕೈಯಲ್ಲಿ ಕುರಿ ಕಾಯುವ ಕೋಲು.

"ನಮ್ಮಪ್ಪಗ ನೀರು ಹಾಕಿದಿ ಏನಲೇ?"

ನನ್ನದು ಕರಾವಳಿಯ ಪುಸ್ತಕದ ಕನ್ನಡ. "ಹೌದು, ಹಾಕಿದೆ," ಎಂದೆ. ಆ ವರ್ಷ ಪಾದ್ರಿ ನೀರು ಹಾಕುವುದು ಎಂದರೆ ಜ್ಞಾನಸ್ನಾನ ಮಾಡಿಸಿ ಜಾತಿ ಕೆಡಿಸುವುದು ಎಂದು ಹೊಳೆದದ್ದು ಏಟು ಬಿದ್ದ ಮೇಲೆ. ಎಡಗೈ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ನನಗೆ ಒಂದೂ ತಪ್ಪಲಿಲ್ಲ. ಕೆಡವಿ ಪಕ್ಕೆಗೆ ಒದ್ದರು, ಬಾಯಿಗೆ ಒದ್ದರು, ಎರಡು ಹಲ್ಲು ನಾಲಗೆಯ ಮೇಲೆ ಬಂದವು. ಒಳಗೆ ಬೆಂಚು ಮುರಿಯುತ್ತಿದ್ದರು. ಯಾರೋ ಮಾತೆಯ ಪ್ರತಿಮೆ ತಂದು ಕಲ್ಲಿಗೆ ಅಪ್ಪಳಿಸಿದರು.

ಒಂದು ಮಾತು ಹೇಳಿದ್ದರೆ ಏಟು ನಿಲ್ಲುತ್ತಿತ್ತು. ಆದರೆ ನಮ್ಮ ಚರ್ಚಿನ ಜನ ಬೇಲಿಯಾಚೆ ನಿಂತಿದ್ದರು. ಪಾದ್ರಿ ಮೈಲಾರನ ಕೂಗು ಕೂಗಿದನೆಂದು ಬಿಷಪ್ಪರ ಕಿವಿಗೆ ಬಿದ್ದರೆ? ಬಾಯಿ ಮುಚ್ಚಿಕೊಂಡಿದ್ದು ಧೈರ್ಯದಿಂದಲ್ಲ, ಹೆದರಿಕೆಯಿಂದ.

ಮಗ ಮತ್ತೆ ಕೋಲೆತ್ತಿದವನು ಹಾಗೇ ಅಳತೊಡಗಿದ. "ಜಾತಿ ಕೆಟ್ಟ ಹೆಣ ಅಂತಾರಲೇ ಊರಾಗ. ನಮ್ಮವ್ವನ ಮಗ್ಗಲಾಗ ಮಲಗ್ಸಾಕ ಬಿಡವಲ್ರು. ಎಲ್ಲಿ ಮಣ್ಣು ಮಾಡ್ಲೋ ನಮ್ಮಪ್ಪನ್ನ?"

ಬಿಷಪ್ಪರು ಹಾಳಾಗಿ ಹೋಗಲಿ ಅನ್ನಿಸಿತು. ರಕ್ತ ಉಗುಳಿದೆ.

"ನಿನ್ನಪ್ಪ ಕೇಳಿದ್ದನ್ನೇ ಕಿವಿಯಲ್ಲಿ ಹೇಳಿದೆನಪ್ಪ. ಭಂಡಾರ ಅವನ ಚೀಲದ್ದೇ. ಶಿಲುಬೆ ಮಾತ್ರ ನನ್ನ ಬೆರಳಿನ ಚಾಳಿ." ಮೊಣಕಾಲೂರಿ ಎದ್ದು, ಇದ್ದ ಉಸಿರೆಲ್ಲ ಸೇರಿಸಿ ಕೂಗಿದೆ: "ಏಳ್ಕೋಟಿ ಏಳ್ಕೋಟಿ!"

ಗುಂಪಿನ ಹಿಂದಿನಿಂದ ಹಿರಿಯನೊಬ್ಬ ರೂಢಿಯಂತೆ, "ಏಳ್ಕೋಟಿಗೋ!" ಎಂದ. ಮಗ ಕೋಲು ಬಿಟ್ಟು ನೆಲದ ಮೇಲೆ ಕೂತ.

ಯಾರೂ ಕ್ಷಮೆ ಕೇಳಲಿಲ್ಲ. ಮುದುಕನನ್ನು ಹೆಂಡತಿಯ ಪಕ್ಕದಲ್ಲೇ ಮಣ್ಣು ಮಾಡಿದರಂತೆ. ಮಗ ಹಣೆಯ ಶಿಲುಬೆಯನ್ನು ಒರೆಸಲಿಲ್ಲವಂತೆ. ಅದರ ಮೇಲೆಯೇ ಒಂದು ಹಿಡಿ ಭಂಡಾರ ಸುರಿದು ಮಣ್ಣು ಎಳೆದನಂತೆ.